ಊರ ಹೆಸರು ಕೂಗಿಸುವವರಿಗೆ ಒಬ್ಬ ಹಳೇ ಕಂಡಕ್ಟರ್‌ನ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು, ಕನ್ನಡ ಅಭಿವೃದ್ಧಿ ಪ್ರಾಧಿಕಾರ,
ಹಾಗೂ ಬಸ್ಸು, ರೈಲು, ಮೆಟ್ರೋ, ಮೊಬೈಲ್ ನಕ್ಷೆಗಳಲ್ಲಿ ನಮ್ಮ ಊರುಗಳ ಹೆಸರು ಹೇಳಿಸುವ ಎಲ್ಲ ಅಧಿಕಾರಿಗಳು ಮತ್ತು ಕಂಪನಿಯವರು.

ವಿಷಯ: ಊರಿನ ಹೆಸರನ್ನು ಆ ಊರಿನವರ ಬಾಯಿಂದಲೇ ಕೇಳಿ ಬಳಸುವ ಬಗ್ಗೆ.

ಮಾನ್ಯರೇ,

ನಾನು ಬಸ್ ಕಂಡಕ್ಟರ್ ಆಗಿದ್ದವನು. 31 ವರ್ಷ ಊರುಗಳ ಹೆಸರು ಕೂಗಿಯೇ ಹೊಟ್ಟೆ ಹೊರೆದವನು. ರಿಟೈರ್ ಆಗಿ ಕೆಲವು ವರ್ಷ ಆಯಿತು. ಈಗಲೂ ನಿದ್ದೆಯಲ್ಲಿ "ಪಟ್ಣ, ಮಂಡ್ಯ, ಮದ್ದೂರು, ಚನ್ಪಟ್ಣ, ರಾಮ್ನಗ್ರ" ಅಂತ ಕೂಗುತ್ತೇನಂತೆ. ಮನೆಯಾಕೆ ಹೇಳುವ ಮಾತು, ನಾನು ಕೇಳಿಲ್ಲ.

ಈ ಪತ್ರ ಬರೆಯಲು ಕಾರಣ ಒಂದು ಮಳೆಗಾಲದ ಸಂಜೆ. ಮೈಸೂರಿನಿಂದ ಹಾಸನದ ಕಡೆ ಹೋಗುವ ಬಸ್ಸಿನಲ್ಲಿ ಪ್ರಯಾಣಿಕನಾಗಿ ಕೂತಿದ್ದೆ. ಯಾರ ಬಸ್ಸು ಅಂತ ಬರೆಯುವುದಿಲ್ಲ, ಇದು ಒಂದು ಬಸ್ಸಿನ ಕಥೆಯೂ ಅಲ್ಲ. ಕೆ.ಆರ್. ನಗರ ದಾಟಿ ಆಗಿತ್ತು. ಕಿಟಕಿ ಗಾಜೆಲ್ಲ ಮುಚ್ಚಿ, ಆವಿ ಹಿಡಿದು, ಹೊರಗೆ ಏನೂ ಕಾಣುತ್ತಿರಲಿಲ್ಲ. ಕಂಡಕ್ಟರ್ ಹುಡುಗ ಹಿಂದೆ ಚಿಲ್ಲರೆಯ ಗಲಾಟೆಯಲ್ಲಿದ್ದ. ಅಷ್ಟರಲ್ಲಿ ಡ್ರೈವರ್ ತಲೆ ಮೇಲಿನ ಸ್ಪೀಕರ್‌ನಿಂದ ಒಂದು ಹೆಣ್ಣು ದನಿ ಬಂತು: "ಮುಂದಿನ ನಿಲ್ದಾಣ, ಹೋಲ್ ನರಸಿಪುರ್."

ನನ್ನ ಮುಂದಿನ ಸೀಟಿನಲ್ಲಿ ವಯಸ್ಸಾದ ಒಬ್ಬ ತಾಯಿ ಕೂತಿದ್ದರು. ಮಡಿಲಲ್ಲಿ ಒಂದು ಬ್ಯಾಗು, ಬ್ಯಾಗಿನ ಬಾಯಿಗೆ ಟವೆಲ್ ಕಟ್ಟಿದ್ದರು. ಹತ್ತುವಾಗಲೇ ಹೊಳೆನರಸೀಪುರಕ್ಕೆ ಟಿಕೆಟ್ ತಗೊಂಡಿದ್ದು ನಾನು ಕೇಳಿಸಿಕೊಂಡಿದ್ದೆ. ಸ್ಪೀಕರ್ ಎರಡು ಸಲ ಹೇಳಿತು. ಅವರು ಅಲ್ಲಾಡಲಿಲ್ಲ. ಬಸ್ಸು ನಿಂತಿತು, ನಾಲ್ಕು ಜನ ಇಳಿದರು. ಆಗಲೂ ಅವರು ಕೂತೇ ಇದ್ದರು. ಕೊನೆಗೆ ನಾನೇ ಬಗ್ಗಿ, "ಅಮ್ಮಾ, ನಿಮ್ಮೂರು ಬಂತು, ಇಳೀರಿ" ಅಂದೆ. ಅವರು ತಿರುಗಿ ನೋಡಿದರು. "ಯಾವೂರೋ ಹೇಳ್ತು ಅಲ್ವಾ ಅದು?" ಅಂದರು. ಗಡಿಬಿಡಿಯಲ್ಲಿ ಇಳಿಯುವಾಗ ಒಂದು ಚಪ್ಪಲಿ ಮೆಟ್ಟಿಲ ಮೇಲೆ ಉಳಿಯಿತು. ಅದನ್ನು ಎತ್ತಿಕೊಡುವಾಗ ಅವರು ಗೊಣಗಿದ್ದು ಇಷ್ಟು: "ನಮ್ಮೂರಿಗೆ ಯಾರಪ್ಪ ಹಿಂಗೆ ಹೆಸರಿಟ್ಟೋರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಬಂದ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ವಿಚಾರಿಸಿದೆ. ಅವಳು ಕಂಪ್ಯೂಟರ್ ಓದುತ್ತಿದ್ದಾಳೆ. ಅವಳು ಹೇಳಿದ್ದು ಕೇಳಿದ ಮೇಲೆ ನಗು ಬಂತು, ಆಮೇಲೆ ಬೇಜಾರೂ ಆಯಿತು.

ಆಗುವುದು ಇಷ್ಟಂತೆ. ಊರಿನ ಹೆಸರು ಮೊದಲು ಕನ್ನಡದಲ್ಲಿ ಇರುತ್ತದೆ. ಅದನ್ನು ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪಟ್ಟಿ ಮಾಡುತ್ತಾರೆ. ಆ ಪಟ್ಟಿಯನ್ನು ಓದುವ ಯಂತ್ರಕ್ಕೆ ಕೊಡುತ್ತಾರೆ. ಯಂತ್ರಕ್ಕೆ ಗೊತ್ತಿರುವುದು ಇಂಗ್ಲಿಷ್ ಓದುವ ರೀತಿ, ಇಲ್ಲವೇ ಹಿಂದಿ ಮಾತಾಡುವ ರೀತಿ. ನಮ್ಮ "ಹೊಳೆ" ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅವರ ತೂತಿನ ಹೆಸರೇ ಆಗಿಬಿಡುತ್ತದೆ. ಹೇಮಾವತಿ ದಂಡೆ ಮೇಲಿನ ಊರು ಒಂದು ತೂತಾಗಿ ಹೋಯಿತು ನೋಡಿ.

ಇದು ಒಂದೇ ಅಲ್ಲ. ಹೆಗ್ಗಡದೇವನಕೋಟೆಯನ್ನು ನಾವು ಎಚ್.ಡಿ. ಕೋಟೆ ಅಂತ ಚಿಕ್ಕದು ಮಾಡಿಕೊಂಡಿದ್ದೇವೆ. ಯಂತ್ರ ಅದನ್ನು "ಎಚ್.ಡಿ. ಕೋಟ್" ಅನ್ನುತ್ತದೆ, ಹಾಕಿಕೊಳ್ಳುವ ಕೋಟು. ಹಾಸನ ಒಬ್ಬ ಮನುಷ್ಯನ ಹೆಸರಾಗಿ "ಹಸ್ಸನ್" ಆಗುತ್ತದೆ. ಕಡೂರು "ಕದೂರ್", ಮದ್ದೂರು "ಮಡ್ಡೂರ್", ಹೆಬ್ಬಾಳ "ಹೆಬ್ಬಲ್". ಬೊಮ್ಮಸಂದ್ರದ "ಸಂದ್ರ" ಅನ್ನುವುದು ಸಮುದ್ರ ಅನ್ನುವ ಮಾತು ಸವೆದು ಬಂದದ್ದು, ದೊಡ್ಡ ಕೆರೆ ಅಂತ ಅರ್ಥ. ಯಂತ್ರದ ಬಾಯಲ್ಲಿ ಅದು "ಸಾಂಡ್ರಾ", ಯಾವುದೋ ದೇಶದ ಹೆಣ್ಣುಮಗಳು. ಹಳ್ಳಿ ಅಂತೂ ಎಲ್ಲ ಕಡೆ "ಹಲ್ಲಿ". ನಮ್ಮ ನಾಡಿನಲ್ಲಿ ಎಷ್ಟು ಊರಿನ ಹೆಸರು ಹಳ್ಳಿಯಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಹಾಕಿ. ಗೋಡೆ ಮೇಲೆ ಹರಿದಾಡುವುದು ಅಷ್ಟೂ ಊರಿನ ಬಾಲಕ್ಕೆ ಅಂಟಿಕೊಂಡಿದೆ. ಕೆರೆಯನ್ನು ಸ್ವಲ್ಪ ಎಳೆದರೆ "ಕೇರೆ", ಅದು ಹಾವು. ಅರಸೀಕೆರೆಯವರು ಏನು ತಪ್ಪು ಮಾಡಿದ್ದರು?

ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ನೋಡಿದರೆ ಅದು ಸಣ್ಣ ವಿಷಯ. ನಮ್ಮಲ್ಲಿ ಲ ಬೇರೆ, ಳ ಬೇರೆ. ನ ಬೇರೆ, ಣ ಬೇರೆ. ದ ಬೇರೆ, ಡ ಬೇರೆ. ತ ಬೇರೆ, ಟ ಬೇರೆ. ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕೂಡಲೇ ಈ ಜೋಡಿಗಳೆಲ್ಲ ಒಂದೇ ಆಗಿಬಿಡುತ್ತವೆ. ಹಿಂದಿ ಓದುವ ರೀತಿ ಸೇರಿದರೆ ಕೊನೆಯ "ಅ" ಕೂಡ ಹೋಗುತ್ತದೆ. ಸಾಗರ "ಸಾಗರ್", ಕೊಪ್ಪಳ "ಕೊಪ್ಪಲ್". ಒಂದು ಸಲ ಕಳೆದುಹೋದದ್ದನ್ನು ಯಂತ್ರ ಆಮೇಲೆ ಊಹೆಯಿಂದ ತುಂಬಬೇಕು. ಅದು ತನಗೆ ಗೊತ್ತಿರುವ ಭಾಷೆಯಿಂದ ತುಂಬುತ್ತದೆ, ಪಾಪ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾಲಿಗೆ ಹೊರಳದವರ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲಿಂದಲೋ ಬಂದು ಇಲ್ಲಿ ದುಡಿಯುವ ಹುಡುಗ "ಮಾರತಹಳ್ಳಿ"ಯನ್ನು ಬೇರೆ ಥರ ಅಂದರೆ ಏನಾಯಿತು? ಅವನು ಸರಿಯಾದ ಜಾಗದಲ್ಲಿ ಇಳಿದರೆ ಸಾಕು. ನಾವೂ ಅದನ್ನೇ ಮಾಡುತ್ತೇವೆ ಅಲ್ವಾ? ಸೋಲಾಪುರವನ್ನು ಸೊಲ್ಲಾಪುರ ಅನ್ನುತ್ತೇವೆ. ಮುಂಬೈ ನಮ್ಮ ಹಿರಿಯರಿಗೆ ಬೊಂಬಾಯಿ ಆಗಿತ್ತು. ಅಲ್ಲಿಯವರು ಬಂದು ಜಗಳ ಆಡಲಿಲ್ಲ. ಮನುಷ್ಯ ತನ್ನ ನಾಲಿಗೆಯಲ್ಲಿ ಮಾತಾಡುತ್ತಾನೆ. ಆದರೆ ಯಂತ್ರಕ್ಕೆ ಸ್ವಂತ ನಾಲಿಗೆ ಇಲ್ಲ. ನೀವು ಏನು ಕೊಡುತ್ತೀರೋ ಅದನ್ನು ಹೇಳುತ್ತದೆ. ಹಾಗಾಗಿ ದೂರು ಯಂತ್ರದ ಮೇಲೂ ಅಲ್ಲ, ಅದಕ್ಕೆ ಪಟ್ಟಿ ಕೊಟ್ಟವರ ಮೇಲೆ.

ಇನ್ನು ನಮ್ಮ ನಮ್ಮಲ್ಲೇ ಇರುವ ವ್ಯತ್ಯಾಸಕ್ಕೆ ಬರುತ್ತೇನೆ. ನಿಜವಾದ ವಿಷಯ ಇಲ್ಲೇ ಇದೆ. "ಸರಿಯಾದ ಉಚ್ಚಾರಣೆ" ಅಂತ ಬೆಂಗಳೂರಿನ ಒಂದು ಕೋಣೆಯಲ್ಲಿ ಕೂತು ಇನ್ನೊಂದು ಪಟ್ಟಿ ಮಾಡಿಬಿಟ್ಟರೆ, ಅದು ಕೂಡ ಇಷ್ಟೇ ದೊಡ್ಡ ತಪ್ಪಾಗುತ್ತದೆ.

ಕೆಲಸಕ್ಕೆ ಸೇರಿ ಎರಡನೇ ವರ್ಷವೋ ಏನೋ, ಕರಾವಳಿ ಕಡೆ ರೂಟ್ ಸಿಕ್ಕಿತು. ನಾನು ಮಂಡ್ಯ ಕಡೆಯವನು. ಒಂದು ಬೆಳಗ್ಗೆ ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಬಾಗಿಲಲ್ಲಿ ನಿಂತು "ಮೂಡಬಿದಿರೆ, ಕಾರ್ಕಳ, ಮೂಡಬಿದಿರೆ, ಕಾರ್ಕಳ" ಅಂತ ಕೂಗಿದೆ. ಗಂಟಲು ಒಣಗಿತು. ಏಳೆಂಟು ಜನ ಎದುರಿಗೇ ನಿಂತು ನನ್ನನ್ನು ನೋಡುತ್ತಿದ್ದರು, ಹತ್ತುತ್ತಿರಲಿಲ್ಲ. ಡ್ರೈವರ್ ಆ ಕಡೆಯವರೇ, ಹಿರಿಯರು. ಬೀಡಿ ಎಸೆದು ಇಳಿದು ಬಂದರು. ಬಸ್ಸಿನ ಪಕ್ಕಕ್ಕೆ ಎರಡು ಸಲ ತಟ್ಟಿ, "ಬೆದ್ರ, ಕಾರ್ಲ, ಬೆದ್ರ, ಕಾರ್ಲ" ಅಂದರು. ಅಷ್ಟೇ. ಐದು ನಿಮಿಷದಲ್ಲಿ ಸೀಟು ತುಂಬಿತು. ಆಮೇಲೆ ನನ್ನ ಕಡೆ ನೋಡಿ, "ನೀವು ಬೋರ್ಡ್ ಓದ್ತಾ ಇದ್ದೀರಿ ಮಾರಾಯ್ರೆ, ಜನರನ್ನು ಕರೀಬೇಕು" ಅಂದರು.

ಅವತ್ತು ಕಲಿತ ಪಾಠ ಅದು. ಬೋರ್ಡಿನ ಹೆಸರು ಮೂಡಬಿದಿರೆ, ತುಳುವಿನಲ್ಲಿ ಬೆದ್ರ. ಕಾರ್ಕಳ ಕಾರ್ಲ. ಉಡುಪಿ ಒಡಿಪು. ಉಪ್ಪಿನಂಗಡಿ ಅಂತೂ ಉಬಾರ್, ಒಂದಕ್ಕೊಂದು ಹೊಂದಿಕೆಯೇ ಇಲ್ಲ. ಮಂಗಳೂರು ಒಂದೇ ಊರು, ತುಳುವರಿಗೆ ಕುಡ್ಲ, ಕೊಂಕಣಿಯವರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ. ಇದರಲ್ಲಿ ಯಾವುದು ಸರಿ? ನಾಲ್ಕೂ ಸರಿ. ನಾಲ್ಕು ಹೆಸರಿಗೂ ಟಿಕೆಟ್ ರೇಟ್ ಒಂದೇ.

ಕುಂದಾಪುರದ ಕಡೆ ಹೋದರೆ ಅದು "ಕುಂದಾಪ್ರ". ಅವರ ಬಾಯಲ್ಲಿ ಕೇಳಿದರೇ ಆ ಊರು ನನಗೆ ಊರು ಅನ್ನಿಸುವುದು.

ಘಟ್ಟ ಹತ್ತಿ ಉತ್ತರಕ್ಕೆ ಹೋದರೆ ಬೇರೆ ಲೆಕ್ಕ. ಅಲ್ಲಿ ಮನೆ "ಮನಿ", ಶಾಲೆ "ಶಾಲಿ". ಹಾಗೇ ಬಾಗಲಕೋಟೆ "ಬಾಗಲಕೋಟಿ", ಹೊಸಪೇಟೆ "ಹೊಸಪ್ಯಾಟಿ". ರಾಣೆಬೆನ್ನೂರಿನ ಕೊನೆಯ "ಉ" ಇಲ್ಲ, "ರಾಣೆಬೆನ್ನೂರ". ಹುಬ್ಬಳ್ಳಿಯ ಮಧ್ಯದ ಅಕ್ಷರ ಅರ್ಧ ಕಣ್ಣು ಮುಚ್ಚಿರುತ್ತದೆ: "ಹುಬ್ಳಿಗೆ ಹೋಗತೈತೇನ್ರಿ ಇದು?" ನಮ್ಮ ಕಡೆಯೂ ಹಾಗೇ. ತುಮಕೂರು "ತುಮ್ಕೂರು", ಬೆಂಗಳೂರು "ಬೆಂಗ್ಳೂರು", ಶ್ರೀರಂಗಪಟ್ಟಣ ಬರೀ "ಪಟ್ಣ". ಮೈಸೂರಿನ ಸ್ಟ್ಯಾಂಡಿನಲ್ಲಿ ಪಟ್ಣ ಅಂದರೆ ಯಾವ ಪಟ್ಣ ಅಂತ ಯಾರೂ ಕೇಳುವುದಿಲ್ಲ. ಬಸ್ಸು ಯಾವ ಕಡೆಗೆ ಮುಖ ಮಾಡಿದೆ ಅಂತ ನೋಡಿದರೆ ಗೊತ್ತಾಗುತ್ತದೆ.

ಇಲ್ಲೊಂದು ತಮಾಷೆ ಇದೆ. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂತು, ಮೈಸೋರ್ ಹೋಗಿ ಮೈಸೂರು. ಹಾಗೇ ಬೆಲ್ಗಾಂ ಬೆಳಗಾವಿ ಆಯಿತು, ಶಿಮೋಗಾ ಶಿವಮೊಗ್ಗ ಆಯಿತು, ಗುಲ್ಬರ್ಗಾ ಕಲಬುರಗಿ ಆಯಿತು. ಒಳ್ಳೆಯ ಕೆಲಸ. ನಾನೂ ಖುಷಿ ಪಟ್ಟೆ. ಆದರೆ ಅದೇ ಪಟ್ಟಿಯಲ್ಲಿ ಹುಬ್ಳಿ ಹೋಗಿ ಹುಬ್ಬಳ್ಳಿ ಬಂತು, ತುಮ್ಕೂರ್ ಹೋಗಿ ತುಮಕೂರು ಬಂತು, ಚಿಕ್‌ಮಗಳೂರ್ ಹೋಗಿ ಚಿಕ್ಕಮಗಳೂರು ಬಂತು. ಈಗ ಹೇಳಿ, ಹುಬ್ಳಿ ಅಂದವರು ಬ್ರಿಟಿಷರು ಮಾತ್ರವಾ? ಅಲ್ಲಿನ ಸಂತೆಯಲ್ಲಿ ನಿಂತು ಕೇಳಿದರೆ ಇವತ್ತೂ ಹುಬ್ಳಿಯೇ ಕೇಳುತ್ತದೆ. ನನಗನಿಸುವುದು, ಬಿಳಿಯ ಸಾಹೇಬ ಕೆಲವು ಕಡೆ ನಮ್ಮ ಬಾಯಲ್ಲಿ ಕೇಳಿದ್ದನ್ನೇ ಬರೆದುಕೊಂಡ. ಶ್ರೀರಂಗಪಟ್ಟಣವನ್ನು ಸೆರಿಂಗಪಟಂ ಮಾಡಿದ, ಮಡಿಕೇರಿಯನ್ನು ಮರ್ಕಾರಾ ಮಾಡಿದ, ಅದು ಬಿಡಿ, ಅದಕ್ಕೆ ಕ್ಷಮೆ ಇಲ್ಲ. ಹುಬ್ಳಿಯ ವಿಷಯದಲ್ಲಿ ಮಾತ್ರ ಅವನ ಕಿವಿ ಚೆನ್ನಾಗಿಯೇ ಇತ್ತು.

ಆ ಪಟ್ಟಿಯಲ್ಲೇ ಬಿಜಾಪುರ ವಿಜಯಪುರ ಆಯಿತು. ಡ್ಯೂಟಿಯಲ್ಲಿದ್ದವರಿಗೆ ಅದರ ಕಷ್ಟ ಗೊತ್ತು. ದೇವನಹಳ್ಳಿ ಪಕ್ಕದಲ್ಲಿ ಇನ್ನೊಂದು ವಿಜಯಪುರ ಇದೆ. ಬೆಂಗಳೂರಿನಿಂದ ಒಂದಕ್ಕೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಇನ್ನೊಂದಕ್ಕೆ ರಾತ್ರಿಯೆಲ್ಲ ಹೋಗಬೇಕು. "ವಿಜಯಪುರ, ವಿಜಯಪುರ" ಅಂತ ಕೂಗಿದರೆ ಜನ "ಯಾವುದ್ರಿ, ನಮ್ಮ ಬಿಜಾಪುರನಾ?" ಅಂತ ಕೇಳಿಯೇ ಹತ್ತುತ್ತಿದ್ದರು. ನಾವೂ ಎರಡೂ ಹೇಳುತ್ತಿದ್ದೆವು, "ವಿಜಯಪುರ, ಬಿಜಾಪುರ" ಅಂತ. ಇದಕ್ಕೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಜನ ದಾರಿ ತಪ್ಪಬಾರದು ಅನ್ನುವ ಒಂದೇ ಕಾರಣ.

ನನ್ನ ರೂಟಿನಲ್ಲಿ ಕಾಯಂ ಪ್ರಯಾಣಿಕರಾಗಿ ಒಬ್ಬ ಕನ್ನಡ ಮೇಷ್ಟ್ರು ಬರುತ್ತಿದ್ದರು. ಸೋಮವಾರ ಹೋಗುವುದು, ಶನಿವಾರ ಬರುವುದು. ಅವರ ಹತ್ತಿರ ಮಾತಾಡುವುದೇ ಒಂದು ಖುಷಿ. ಒಂದು ಸಲ ಒಬ್ಬ ಪ್ರಯಾಣಿಕ "ಯಾವ ಅಳ್ಳಿಗೆ ಓಗ್ಬೇಕು" ಅಂತ ಯಾರನ್ನೋ ಕೇಳಿದ. ಹಿಂದಿನ ಸೀಟಿನ ಕಾಲೇಜು ಹುಡುಗರು ಕಿಸಕ್ಕನೆ ನಕ್ಕರು. ಮೇಷ್ಟ್ರು ತಿರುಗಿ ಕೇಳಿದರು: "ಹಳ್ಳಿಗೆ ಮೊದಲು ಏನು ಅಂತಿದ್ರು ಗೊತ್ತೇನ್ರಪ್ಪ? ಪಳ್ಳಿ. ಹೊಸದಕ್ಕೆ ಪೊಸತು. ಹಿರಿಯನಿಗೆ ಪಿರಿಯ. ನಮ್ಮ ಪಿರಿಯಾಪಟ್ಟಣ ಇನ್ನೂ ಆ ಹಳೇ ಪ ಇಟ್ಕೊಂಡೇ ಕೂತಿದೆ. ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರೇ ಪ ಅಕ್ಷರದಿಂದ ಶುರುವಾಗುತ್ತೆ." ಹುಡುಗರು ಸುಮ್ಮನಾದರು. ಅವರು ಅಷ್ಟಕ್ಕೆ ಬಿಡಲಿಲ್ಲ. "ಪ ಇಳೀತು, ಹ ಹತ್ತಿತು. ಈಗ ಕೆಲವು ಕಡೆ ಹ ಕೂಡ ಇಳೀತಾ ಇದೆ. ಅಳ್ಳಿ ಅಂದವನು ದಾರಿ ತಪ್ಪಿದವನಲ್ಲ, ನಿಮಗಿಂತ ಒಂದು ಸ್ಟೇಜ್ ಮುಂದೆ ಹೋಗಿದ್ದಾನೆ ಅಷ್ಟೆ."

ಕಂಡಕ್ಟರ್‌ಗೆ ಅರ್ಥ ಆಗುವ ಭಾಷೆಯಲ್ಲಿ ಹೇಳಿದರು. ಅವತ್ತು ಅವರಿಗೆ ಕಿಟಕಿ ಪಕ್ಕದ ಸೀಟು ಕೊಡಿಸಿದೆ.

ನಗುವ ವಿಷಯ ಬಂತು ಅಂತ ಹೇಳುತ್ತೇನೆ. ನಾವು ಕನ್ನಡದವರೇ ಒಬ್ಬರ ಮಾತಿಗೆ ಒಬ್ಬರು ಜಾಸ್ತಿ ನಗುತ್ತೇವೆ. "ಹರೀಶ"ನನ್ನು ಅವನ ಅಜ್ಜಿ "ಅರೀಸ" ಅಂತ ಕರೆದರೆ, ಆ ಹುಡುಗ ತರಗತಿಯಲ್ಲಿ ತಲೆ ತಗ್ಗಿಸುತ್ತಾನೆ. ಅಜ್ಜಿ ಅವನನ್ನು ಹುಟ್ಟಿದಾಗಿನಿಂದ ಕರೆದ ಹೆಸರು ಅದು. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಬರೆದದ್ದು ಆಮೇಲೆ. ಮನುಷ್ಯರ ಹೆಸರಿನೊಳಗೂ ಊರು ಇರುತ್ತದೆ ನೋಡಿ. ಎಚ್.ಡಿ. ದೇವೇಗೌಡರ ಎಚ್ ಅಂದರೆ ಹರದನಹಳ್ಳಿ. ಬಿ.ಎಸ್. ಯಡಿಯೂರಪ್ಪನವರ ಬಿ ಅಂದರೆ ಬೂಕನಕೆರೆ. ಯಡಿಯೂರಪ್ಪನವರು ಇಂಗ್ಲಿಷ್‌ನಲ್ಲಿ ತಮ್ಮ ಹೆಸರಿನ ಸ್ಪೆಲ್ಲಿಂಗ್ ಒಂದು ಸಲ ಬದಲಾಯಿಸಿದರು, 2019ರಲ್ಲಿ ಮತ್ತೆ ಹಳೆಯದಕ್ಕೆ ಬಂದರು. ಕನ್ನಡದಲ್ಲಿ ನಾವು ಕರೆಯುವುದು ಅಷ್ಟೂ ದಿನ ಒಂದೇ ಥರ ಇತ್ತು. ಉತ್ತರ ಕರ್ನಾಟಕದಲ್ಲಿ ಊರೇ ಅಡ್ಡಹೆಸರು: ಬಾಗಲಕೋಟಿ, ಸವಣೂರ, ಬಳ್ಳಾರಿ. ರಿಸರ್ವೇಶನ್ ಚಾರ್ಟಿನಲ್ಲಿ ಇಂಗ್ಲಿಷ್ ಅಕ್ಷರ ನೋಡಿ ಇಂಥ ಹೆಸರು ಕೂಗಿ ನಾನು ಎಷ್ಟು ಸಲ ಬೈಸಿಕೊಂಡಿದ್ದೇನೋ. ಒಬ್ಬರಂತೂ "ನಾನು ಹತ್ತೂದಿಲ್ರಿ, ಸರಿಯಾಗಿ ಕರೀರಿ" ಅಂತ ಬಾಗಿಲಲ್ಲೇ ನಿಂತುಬಿಟ್ಟರು. ಸರಿಯಾಗಿ ಕರೆದೆ. ಹತ್ತಿದರು. ಅವರದು ತಪ್ಪು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಹೊರದೇಶದವರಿಗೂ ಈ ತಲೆನೋವು ಇದೆ. ಮೊಮ್ಮಗಳು ಓದಿ ಹೇಳಿದಳು. ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ, ಹೆಸರು ಬರೆಯುವುದು ಒಂದು ಥರ, ಕರೆಯುವುದು ಇನ್ನೊಂದು ಥರ ಅಂತ ಜಗಳ ಎದ್ದು, 1881ರಲ್ಲಿ ಅಲ್ಲಿನ ಶಾಸನಸಭೆ ಹೀಗೇ ಕರೆಯಬೇಕು ಅಂತ ಠರಾವು ಮಾಡಿತಂತೆ. ಅಷ್ಟಾದರೂ ಅದೇ ಹೆಸರಿನ ನದಿ ಕಾನ್ಸಾಸ್ ರಾಜ್ಯದಲ್ಲೂ ಹರಿಯುತ್ತದೆ, ಅಲ್ಲಿಯವರು ಅದನ್ನು ಅರ್ಕಾನ್ಸಾಸ್ ಅನ್ನುತ್ತಾರೆ. ಠರಾವಿನ ಕೈಗೆ ನದಿ ಸಿಗಲಿಲ್ಲ. ನಮ್ಮಲ್ಲಿ ಠರಾವು ಬೇಡ. ಬಿಬಿಸಿಯಲ್ಲಿ ಹೆಸರುಗಳನ್ನು ಹೇಗೆ ಹೇಳಬೇಕು ಅಂತ ತಿಳಿಸಿಕೊಡಲೆಂದೇ ಒಂದು ವಿಭಾಗ ಇದೆಯಂತೆ. ವಾರ್ತೆ ಓದುವವರು ಗೊತ್ತಿಲ್ಲದ ಊರು ಬಂದರೆ ಅಲ್ಲಿ ಕೇಳುತ್ತಾರೆ. ನಮಗೆ ಬೇಕಿರುವುದು ಅಂಥದ್ದು: ಕೇಳುವ ಅಭ್ಯಾಸ.

ಇಷ್ಟು ಹೇಳಿದ ಮೇಲೆ ನನ್ನ ಬೇಡಿಕೆಗೆ ಬರುತ್ತೇನೆ.

ಒಂದು ಧ್ವನಿ ಪಟ್ಟಿ ಮಾಡಿಸಿ. ಬರಹದ ಪಟ್ಟಿ ಅಲ್ಲ, ದನಿಯ ಪಟ್ಟಿ. ಪ್ರತಿ ಊರಿನ ಹೆಸರನ್ನು ಆ ಊರಿನಲ್ಲೇ ಹುಟ್ಟಿ ಬೆಳೆದವರು ಹೇಳಬೇಕು, ಅದನ್ನು ರೆಕಾರ್ಡ್ ಮಾಡಬೇಕು. ಗಂಡಸರು, ಹೆಂಗಸರು, ವಯಸ್ಸಾದವರು, ಸ್ಕೂಲ್ ಮಕ್ಕಳು, ಮೂರು ನಾಲ್ಕು ಜನ ಹೇಳಲಿ. ಬೇರೆ ಬೇರೆ ಥರ ಹೇಳಿದರೆ ಎಲ್ಲವನ್ನೂ ಇಟ್ಟುಕೊಳ್ಳಿ. ದೊಡ್ಡ ಸ್ಟುಡಿಯೋ ಬೇಡ, ಮೊಬೈಲ್ ಸಾಕು.

ಇದು ಆಗದ ಕೆಲಸ ಅಂತ ಯಾರಾದರೂ ಹೇಳಬಹುದು. ವೇ ಬಿಲ್ ಬರೆದು ಬರೆದು ಲೆಕ್ಕದ ಚಟ ಹಿಡಿದಿದೆ ನನಗೆ, ಲೆಕ್ಕ ಹಾಕಿದೆ. ಕರ್ನಾಟಕದಲ್ಲಿ ಸುಮಾರು 29 ಸಾವಿರ ಹಳ್ಳಿಗಳಿವೆ. ಒಂದು ಹೆಸರು ನಿಧಾನವಾಗಿ ಹೇಳಿದರೂ 3 ಸೆಕೆಂಡ್. ಒಟ್ಟು 87 ಸಾವಿರ ಸೆಕೆಂಡ್. ಅದನ್ನು ಗಂಟೆ ಮಾಡಿದರೆ 24 ಗಂಟೆ, ಮೇಲೆ ಹತ್ತು ನಿಮಿಷ. ನಾಡಿನ ಅಷ್ಟೂ ಹಳ್ಳಿಗಳ ಹೆಸರು ಒಂದು ಹಗಲು ಒಂದು ರಾತ್ರಿಯಲ್ಲಿ ಕೇಳಿ ಮುಗಿಸಬಹುದು. ಒಬ್ಬ ಕಂಡಕ್ಟರ್‌ನ ಎರಡು ಮೂರು ಡ್ಯೂಟಿ ಅಷ್ಟೆ. ಊರೂರಿಗೆ ಹೋಗಿ ಬರಲು ಟೈಮ್ ಬೇಕು, ಒಪ್ಪುತ್ತೇನೆ. ಆದರೆ ಊರೂರಿಗೆ ಬಸ್ಸು ಹೇಗೂ ಹೋಗುತ್ತಿದೆ. ಪ್ರತಿ ಡಿಪೋದಲ್ಲೂ ಆ ರೂಟಿನ ಹೆಸರುಗಳನ್ನು ನಾಲಿಗೆ ತುದಿಯಲ್ಲಿ ಇಟ್ಟುಕೊಂಡವರು ಇದ್ದಾರೆ. ಅಂಚೆ ಹಂಚುವವರು ಇದ್ದಾರೆ, ಆಶಾ ಕಾರ್ಯಕರ್ತೆಯರು ಇದ್ದಾರೆ. ಅವರನ್ನು ಯಾರೂ ಕೇಳಿಲ್ಲ, ಅಷ್ಟೇ ಕೊರತೆ.

ಎರಡನೆಯದು, ಯಂತ್ರಕ್ಕೆ ಕನ್ನಡ ಅಕ್ಷರದ ಹೆಸರನ್ನೇ ಕೊಡಿ. ಹಿಂದಿ, ಇಂಗ್ಲಿಷ್ ಪ್ರಕಟಣೆ ಬೇಡ ಅನ್ನುತ್ತಿಲ್ಲ. ಎಲ್ಲ ಭಾಷೆಯ ಪ್ರಯಾಣಿಕರೂ ನಮ್ಮವರೇ. ಆದರೆ ಇಂಗ್ಲಿಷ್ ವಾಕ್ಯದ ಮಧ್ಯೆಯೂ ಊರಿನ ಹೆಸರು ಊರಿನ ದನಿಯಲ್ಲೇ ಬರಬಹುದು ಅಲ್ವಾ? ಅದಕ್ಕೆ ಬೇರೆ ಯಾವ ತಂತ್ರಜ್ಞಾನವೂ ಬೇಕಿಲ್ಲವಂತೆ. ರೆಕಾರ್ಡ್ ಮಾಡಿದ ತುಣುಕನ್ನು ಅಲ್ಲಿ ಸೇರಿಸಿದರೆ ಮುಗಿಯಿತು.

ಇನ್ನೊಂದು, ಎರಡು ಹೆಸರು ಬಳಕೆಯಲ್ಲಿರುವ ಕಡೆ ಎರಡನ್ನೂ ಹೇಳಿಸಿ. "ಮೂಡಬಿದಿರೆ, ಬೆದ್ರ." "ಉಪ್ಪಿನಂಗಡಿ, ಉಬಾರ್." "ವಿಜಯಪುರ, ಬಿಜಾಪುರ." ಎರಡು ಸೆಕೆಂಡ್ ಜಾಸ್ತಿ ಆಗುತ್ತದೆ, ಅಷ್ಟೇ. ನಕ್ಷೆ ಮಾಡುವವರು ಹುಡುಕುವ ಜಾಗದಲ್ಲೂ ಈ ಹೆಸರುಗಳನ್ನು ಸೇರಿಸಲಿ. ಮೊಬೈಲಿಗೆ "ಬೆದ್ರ" ಅಂತ ಹೇಳಿದರೆ ಅದು ಬೀದರ್‌ಗೆ ದಾರಿ ತೋರಿಸಬಾರದು. ನಕ್ಕುಬಿಡಬೇಡಿ. ಒಂದು ಇರುವುದು ಕರಾವಳಿಯ ಹತ್ತಿರ, ಇನ್ನೊಂದು ರಾಜ್ಯದ ಆ ತುತ್ತತುದಿ. ಆಸ್ಪತ್ರೆಗೆ ಗಾಡಿ ಕರೆಯುವ ಹೊತ್ತಿನಲ್ಲಿ ಗಾಬರಿಯಾದವರ ಬಾಯಲ್ಲಿ ಬರುವುದು ಬೋರ್ಡಿನ ಹೆಸರಲ್ಲ. ಮನೆಯಲ್ಲಿ ಆಡುವ ಹೆಸರು. ಫೋನಿನ ಆ ಕಡೆ ಕೂತವರಿಗೆ ಅದು ಗೊತ್ತಿರಬೇಕು.

ಪ್ರಾಧಿಕಾರದ ಅಧ್ಯಕ್ಷರಲ್ಲಿ ಬೇರೆಯಾಗಿ ಒಂದು ಮಾತು. ಈ ಕೆಲಸ ನೀವು ಕೈಗೆತ್ತಿಕೊಂಡರೆ ದಯವಿಟ್ಟು ಇದನ್ನು "ಶುದ್ಧ ಕನ್ನಡ"ದ ಕಾರ್ಯಕ್ರಮ ಮಾಡಬೇಡಿ. ಹಾಗೆ ಮಾಡಿದರೆ ಮೊದಲು ಹೊರಗೆ ಹೋಗುವುದು ಕುಂದಾಪ್ರ, ಆಮೇಲೆ ಹುಬ್ಳಿ, ಆಮೇಲೆ ನಮ್ಮ ಪಟ್ಣ. ಗಡಿಯ ಊರುಗಳಲ್ಲಿ ಇನ್ನೂ ಸೂಕ್ಷ್ಮ. ಬೆಳಗಾವಿಯಲ್ಲಿ ಮರಾಠಿಯವರು ಬೆಳಗಾವ್ ಅನ್ನುತ್ತಾರೆ. ಕಾಸರಗೋಡಿನ ಕಡೆ ನಮ್ಮ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ ಆಗುತ್ತದೆ. ಅಲ್ಲಿ ನಮ್ಮ ಹೆಸರು ಉಳಿಯಲಿ ಅಂತ ಕೇಳುವ ನಾವು, ಇಲ್ಲಿ ಅವರ ಬಾಯಿ ಮುಚ್ಚಿಸುವುದು ಸರಿಯಲ್ಲ. ಬೋರ್ಡಿನ ಮೇಲೆ ಯಾವ ಹೆಸರು ಇರಬೇಕು ಅನ್ನುವುದು ಸರ್ಕಾರದ ವಿಷಯ, ಅದರ ಬಗ್ಗೆ ನಾನು ಮಾತಾಡುತ್ತಿಲ್ಲ. ಬಾಯಲ್ಲಿ ಯಾವ ಹೆಸರು ಇದೆ ಅಂತ ಬರೆದಿಟ್ಟುಕೊಳ್ಳಲು, ಕೇಳಿಟ್ಟುಕೊಳ್ಳಲು ಯಾರ ಅಪ್ಪಣೆ ಬೇಕು?

ಬಸ್ಸು ನಡೆಸುವವರಿಗೂ ಒಂದು ವಿನಂತಿ. ಯಂತ್ರ ಬಂತು ಅಂತ ಕಂಡಕ್ಟರ್ ಬಾಯಿ ಮುಚ್ಚಿಸಬೇಡಿ. ಅವನು ಕೂಗಲಿ. ಸ್ಪೀಕರ್ ಕೆಟ್ಟ ದಿನ ಅವನೇ ದಿಕ್ಕು. ಹೊಸದಾಗಿ ಸೇರಿದ ಹುಡುಗರನ್ನು ಬೇರೆ ಕಡೆ ರೂಟಿಗೆ ಹಾಕುವಾಗ ಒಂದು ವಾರ ಆ ಕಡೆಯ ಹಿರಿಯರ ಜೊತೆ ಕಳಿಸಿ. ನನಗೆ ಆ ಡ್ರೈವರ್ ಸಿಗದಿದ್ದರೆ ನಾನು ಇವತ್ತಿಗೂ ಮೂಡಬಿದಿರೆ ಅಂತ ಕೂಗುತ್ತಾ ಖಾಲಿ ಬಸ್ಸಿನಲ್ಲಿ ಹೋಗುತ್ತಿದ್ದೆ.

ಈ ಪತ್ರ ಬರೀ ದೂರಾಗಬಾರದು ಅಂತ ನನ್ನ ಕೈಲಾದಷ್ಟು ಮಾಡಿದ್ದೇನೆ. ನಾನು ಕೊನೆಯ ಒಂಬತ್ತು ವರ್ಷ ಓಡಿದ ರೂಟಿನಲ್ಲಿ 41 ಸ್ಟೇಜು. ಮೊದಲು ನಾನೇ ಕೂಗಿ ರೆಕಾರ್ಡ್ ಮಾಡೋಣ ಅಂತ ಹೊರಟೆ. ಮೊಮ್ಮಗಳು ಬಿಡಲಿಲ್ಲ. "ತಾತ, ಆ ಊರಿನವರೇ ಹೇಳಬೇಕು ಅಂತ ನೀವೇ ಬರೆದಿದ್ದೀರಲ್ಲ" ಅಂದಳು. ಸರಿ, ಇಬ್ಬರೂ ಎರಡು ಭಾನುವಾರ ಅದೇ ರೂಟಿನ ಬಸ್ಸು ಹತ್ತಿದೆವು. ಒಂದೊಂದು ಸ್ಟಾಪಿನಲ್ಲಿ ಇಳಿದು, ಟೀ ಅಂಗಡಿಯಲ್ಲೋ ಅರಳಿಕಟ್ಟೆಯಲ್ಲೋ ಕೂತವರ ಮುಂದೆ ಮೊಬೈಲ್ ಹಿಡಿದೆವು. "ನಿಮ್ಮೂರಿನ ಹೆಸರು ಹೇಳಿ" ಅಂದರೆ ಜನ ಮೊದಲು ಅನುಮಾನದಿಂದ ನೋಡುತ್ತಾರೆ, ಆಮೇಲೆ ಗಂಟಲು ಸರಿ ಮಾಡಿಕೊಂಡು ಬೋರ್ಡಿನಲ್ಲಿ ಇರುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಾರೆ. "ಹಂಗಲ್ಲ, ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಹೇಗೆ ಹೇಳ್ತೀರಿ, ಹಾಗೆ" ಅಂದ ಮೇಲೆ ನಿಜವಾದದ್ದು ಬರುತ್ತದೆ.

ಹೊಳೆನರಸೀಪುರದಲ್ಲಿ ಆ ತಾಯಿ ಸಿಗುತ್ತಾರೇನೋ ಅಂತ ನೋಡಿದೆ. ಸಿಗಲಿಲ್ಲ. ಸ್ಟ್ಯಾಂಡಿನಲ್ಲಿ ಹೂ ಕಟ್ಟುತ್ತಿದ್ದ ಒಬ್ಬರು ಹೇಳಿಕೊಟ್ಟರು.

ಒಟ್ಟು 38 ಆಗಿವೆ. ಉಳಿದ ಮೂರು ಕಡೆ ಬಸ್ಸು ನಿಲ್ಲಿಸಲಿಲ್ಲ. ಎರಡು ರೆಕಾರ್ಡಿನಲ್ಲಿ ಹಿಂದೆ ನಾಯಿ ಬೊಗಳುವುದು ಕೇಳಿಸುತ್ತದೆ, ಅದನ್ನು ತೆಗೆಯಲು ನಮಗೆ ಬರಲಿಲ್ಲ. ತಾವು ಯಾರನ್ನಾದರೂ ಕಳಿಸಿದರೆ ಎಲ್ಲವನ್ನೂ ಕೊಡುತ್ತೇನೆ. ದುಡ್ಡು ಬೇಡ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಂಡಕ್ಟರ್